ಸಿಹಿನೀರು, ಉಪ್ಪುನೀರು ಮತ್ತು ಸಸ್ಯಮೂಲದ ಪೊರೆ

ಪಾಠದ ನೆಲೆ

ಪ್ರೌಢಶಾಲೆಯ ವಿಜ್ಞಾನದಲ್ಲಿ ಅಭಿಸರಣೆಯನ್ನು ಜೀವಶಾಸ್ತ್ರದಲ್ಲಿಯೂ, ವಿದ್ಯುತ್‌ಕೋಶವನ್ನು ರಸಾಯನಶಾಸ್ತ್ರದಲ್ಲಿಯೂ, ಶಕ್ತಿಯ ಆಕರಗಳನ್ನು ಭೌತಶಾಸ್ತ್ರದಲ್ಲಿಯೂ ಪ್ರತ್ಯೇಕವಾಗಿ ಕಲಿಸುವುದು ರೂಢಿ. ಈ ಮೂರು ಪಾಠಗಳು ಒಂದೆಡೆ ಕೂಡುವ ಸ್ಥಳಗಳು ಪಠ್ಯದಲ್ಲಿ ವಿರಳ. ನದಿಯ ಸಿಹಿನೀರು ಸಮುದ್ರದ ಉಪ್ಪುನೀರಿನೊಂದಿಗೆ ಬೆರೆಯುವಾಗ ಅದರಿಂದ ವಿದ್ಯುತ್ತನ್ನು ಪಡೆಯುವ ವಿಧಾನವು ಅಂತಹ ಒಂದು ಸ್ಥಳ. ಅದಕ್ಕೆ ಬೇಕಾದ ಪೊರೆಯನ್ನು ಮರದಿಂದಲೂ ಇತರ ಸಸ್ಯವಸ್ತುಗಳಿಂದಲೂ ತಯಾರಿಸುವ ಪ್ರಯತ್ನಗಳು ಈಗ ನಡೆದಿವೆ.

ಈ ವಿಷಯವನ್ನು ತರಗತಿಗೆ ತರಲು ಇನ್ನೊಂದು ಕಾರಣವೂ ಇದೆ. ಶಾಲಾ ವಿಜ್ಞಾನ ಮೇಳಗಳಲ್ಲಿ 'ಉಪ್ಪುನೀರಿನಿಂದ ವಿದ್ಯುತ್ತು' ಎಂಬ ಮಾದರಿ ಆಗಾಗ ಕಾಣಸಿಗುತ್ತದೆ. ಒಂದು ಲೋಟ ಉಪ್ಪುನೀರು, ಅದರಲ್ಲಿ ತಾಮ್ರದ ಒಂದು ಪಟ್ಟಿ, ಸತುವಿನ ಇನ್ನೊಂದು ಪಟ್ಟಿ. ಇಂತಹ ಕೆಲವು ಲೋಟಗಳನ್ನು ಸಾಲಾಗಿ ಜೋಡಿಸಿದರೆ ಚಿಕ್ಕ ದೀಪ ಬೆಳಗುತ್ತದೆ. ನೋಡಿದ ಮಗು, ಶಕ್ತಿಯು ಉಪ್ಪಿನಲ್ಲಿ ಅಡಗಿದೆ ಎಂದು ತಿಳಿದು ಹೋಗುತ್ತದೆ. ಅದು ತಪ್ಪು ತಿಳಿವಳಿಕೆ. ಅಲ್ಲಿ ವ್ಯಯವಾಗುವುದು ಸತುವು. ಉಪ್ಪುನೀರು ಅಯಾನುಗಳಿಗೆ ದಾರಿ ಮಾತ್ರ. ನದೀಮುಖದಲ್ಲಿ ದೊರಕುವ ಶಕ್ತಿಯ ಕಥೆ ಬೇರೆ. ಅಲ್ಲಿ ಶಕ್ತಿ ಇರುವುದು ಉಪ್ಪಿನಲ್ಲಿಯೂ ಅಲ್ಲ, ಲೋಹದಲ್ಲಿಯೂ ಅಲ್ಲ. ಎರಡು ನೀರುಗಳ ನಡುವಣ ವ್ಯತ್ಯಾಸದಲ್ಲಿ. 'ಶಕ್ತಿ ಎಲ್ಲಿಂದ ಬಂತು?' ಎಂಬ ಪ್ರಶ್ನೆಯನ್ನು ಬಿಡದೆ ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸುವುದೇ ಈ ಪಾಠದ ಮುಖ್ಯ ಉದ್ದೇಶ.

ವ್ಯತ್ಯಾಸದಲ್ಲಿರುವ ಶಕ್ತಿ

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ನದಿಯ ನೀರಿನಲ್ಲಿ ಅದರ ಅತ್ಯಲ್ಪ ಅಂಶ ಮಾತ್ರ. ಇವೆರಡನ್ನೂ ಅರೆಪಾರಕ ಪೊರೆಯೊಂದರ ಇಕ್ಕೆಲಗಳಲ್ಲಿ ಇರಿಸಿದರೆ, ಸಿಹಿನೀರು ಪೊರೆಯ ಮೂಲಕ ಉಪ್ಪುನೀರಿನ ಕಡೆಗೆ ನುಗ್ಗುತ್ತದೆ. ಈ ನುಗ್ಗುವಿಕೆಯನ್ನು ತಡೆದು ನಿಲ್ಲಿಸಲು ಉಪ್ಪುನೀರಿನ ಮೇಲೆ ಹಾಕಬೇಕಾದ ಒತ್ತಡವೇ ಅಭಿಸರಣ ಒತ್ತಡ. ಸಮುದ್ರದ ನೀರಿಗೆ ಅದು ವಾಯುಮಂಡಲದ ಒತ್ತಡದ ಸುಮಾರು 27 ಪಟ್ಟು. ಅಂದರೆ ಸುಮಾರು 270 ಮೀಟರ್ ಎತ್ತರದ ನೀರಿನ ಕಂಬವು ತನ್ನ ಬುಡದಲ್ಲಿ ಉಂಟುಮಾಡುವ ಒತ್ತಡಕ್ಕೆ ಸಮ.

ಈ ಹೋಲಿಕೆಯನ್ನು ವಿದ್ಯಾರ್ಥಿಗಳ ಮುಂದೆ ನಿಧಾನವಾಗಿ ಬಿಡಿಸಿ ಇಡಬೇಕು. ಕಡಲು ಸೇರುವಲ್ಲಿ ನದಿಯು ಸಮತಟ್ಟಾಗಿ ಹರಿಯುತ್ತದೆ. ಅಲ್ಲಿ ಜಲಪಾತವಿಲ್ಲ, ಸದ್ದಿಲ್ಲ. ಆದರೂ ಒಂದು ಘನ ಮೀಟರ್ ಸಿಹಿನೀರು ಅಪಾರವಾದ ಸಮುದ್ರದೊಳಗೆ ಬೆರೆತುಹೋಗುವಾಗ, ಅದೇ ನೀರು 270 ಮೀಟರ್ ಎತ್ತರದಿಂದ ಧುಮುಕಿದಾಗ ದೊರಕಬಹುದಾದಷ್ಟೇ ಶಕ್ತಿ ಬಳಕೆಯಾಗದೆ ಹೋಗುತ್ತದೆ. ಲೆಕ್ಕ ಹಾಕಿದರೆ ಅದು ಸುಮಾರು 2.7 ಮೆಗಾಜೂಲ್, ಅಂದರೆ ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ಮುಕ್ಕಾಲು ಯೂನಿಟ್. 9 ವ್ಯಾಟಿನ ಎಲ್‌ಇಡಿ ಬಲ್ಬನ್ನು ಎಂಬತ್ತು ಗಂಟೆಗಳ ಕಾಲ ಉರಿಸಲು ಇಷ್ಟು ಸಾಕು. ಇದು ಆದರ್ಶ ಸ್ಥಿತಿಯ ಗರಿಷ್ಠ ಮಿತಿ ಎಂಬುದನ್ನು ಆಗಲೇ ಹೇಳಿಬಿಡಬೇಕು. ನೀರನ್ನು ಎತ್ತಲು, ಸೋಸಲು, ಸಾಗಿಸಲು ತಗಲುವ ಶಕ್ತಿಯನ್ನು ಇದರಿಂದ ಕಳೆಯಬೇಕಾಗುತ್ತದೆ.

ಹಾಗಾದರೆ ಈ ಶಕ್ತಿ ಪುಕ್ಕಟೆಯಾಗಿ ಬಂತೇ? ಜಾಣ ವಿದ್ಯಾರ್ಥಿ ಕೇಳಲೇಬೇಕಾದ ಪ್ರಶ್ನೆ ಇದು. ಸೂರ್ಯನ ಶಾಖವು ಸಮುದ್ರದ ನೀರನ್ನು ಆವಿಯಾಗಿಸಿ, ಉಪ್ಪನ್ನು ಕೆಳಗೆ ಬಿಟ್ಟು, ನೀರನ್ನು ಮಾತ್ರ ಮೇಲಕ್ಕೆ ಒಯ್ಯುತ್ತದೆ. ಮೋಡ ಮಳೆಯಾಗಿ, ಮಳೆ ನದಿಯಾಗಿ ಮರಳುತ್ತದೆ. ಬೆರೆತಿದ್ದುದನ್ನು ಬೇರ್ಪಡಿಸಿದವನು ಸೂರ್ಯ. ಬೇರ್ಪಟ್ಟುದು ಮತ್ತೆ ಬೆರೆಯುವಾಗ ಆ ಶ್ರಮದ ಒಂದಂಶವನ್ನು ಹಿಂದಕ್ಕೆ ಪಡೆಯಬಹುದು. ಜಲವಿದ್ಯುತ್ತಿಗೂ ಇದಕ್ಕೂ ಮೂಲ ಒಂದೇ. ಅಲ್ಲಿ ಬಳಸುವುದು ಎತ್ತರದ ವ್ಯತ್ಯಾಸ, ಇಲ್ಲಿ ಬಳಸುವುದು ಲವಣತೆಯ ವ್ಯತ್ಯಾಸ.

ಪೊರೆಯ ಕೆಲಸ: ಎರಡು ವಿಧಾನಗಳು

ಎರಡು ನೀರುಗಳನ್ನು ಸುಮ್ಮನೆ ಬೆರೆಸಿದರೆ ಈ ಶಕ್ತಿ ಕೈಗೆ ಸಿಗುವುದಿಲ್ಲ. ಎಲ್ಲವನ್ನೂ ಬಿಡದ, ಎಲ್ಲವನ್ನೂ ತಡೆಯದ ಪೊರೆಯೊಂದು ನಡುವೆ ಇದ್ದು, ಬೆರೆಯುವಿಕೆಯನ್ನು ಒಂದು ಕ್ರಮಕ್ಕೆ ಒಳಪಡಿಸಬೇಕು. ಯಾವುದನ್ನು ಬಿಡುತ್ತದೆ ಎಂಬುದರ ಮೇಲೆ ವಿಧಾನಗಳು ಎರಡಾಗುತ್ತವೆ.

ಮೊದಲನೆಯದರಲ್ಲಿ ಪೊರೆಯು ನೀರನ್ನು ಬಿಟ್ಟು ಉಪ್ಪನ್ನು ತಡೆಯುತ್ತದೆ. ಉಪ್ಪುನೀರಿನ ಕಡೆ ನೀರು ಹೆಚ್ಚಿ, ಒತ್ತಡ ಏರಿ, ಆ ಒತ್ತಡದ ನೀರು ಟರ್ಬೈನನ್ನು ತಿರುಗಿಸುತ್ತದೆ. ಇದನ್ನು ಒತ್ತಡ ವಿಧಾನ ಎನ್ನಬಹುದು. 1970ರ ದಶಕದಲ್ಲಿ ಇದನ್ನು ರೂಪಿಸಿದವರು ಸಿಡ್ನಿ ಲೋಬ್. ನಾರ್ವೆಯ ಸ್ಟಾಟ್‌ಕ್ರಾಫ್ಟ್ ಸಂಸ್ಥೆಯು 2009ರ ನವೆಂಬರಿನಲ್ಲಿ ಟೋಫ್ಟೆ ಎಂಬಲ್ಲಿ ಈ ವಿಧಾನದ ಮೊದಲ ಮಾದರಿ ಸ್ಥಾವರವನ್ನು ತೆರೆಯಿತು.

ಎರಡನೆಯದರಲ್ಲಿ ಪೊರೆಯು ಅಯಾನುಗಳನ್ನು ಬಿಡುತ್ತದೆ, ಆದರೆ ಒಂದೇ ಬಗೆಯ ಆವೇಶವುಳ್ಳವನ್ನು ಮಾತ್ರ. ಉಪ್ಪು ನೀರಿನಲ್ಲಿ ಕರಗಿದಾಗ ಧನ ಆವೇಶದ ಸೋಡಿಯಂ ಅಯಾನು ಮತ್ತು ಋಣ ಆವೇಶದ ಕ್ಲೋರೈಡ್ ಅಯಾನುಗಳಾಗಿ ಬೇರ್ಪಡುತ್ತದೆ. ಪೊರೆಯು ಸೋಡಿಯಂ ಅಯಾನನ್ನು ದಾಟಿಸಿ ಕ್ಲೋರೈಡನ್ನು ತಡೆದರೆ, ಸಿಹಿನೀರಿನ ಕಡೆ ಧನ ಆವೇಶ ಹೆಚ್ಚುತ್ತದೆ, ಉಪ್ಪುನೀರಿನ ಕಡೆ ಋಣ ಆವೇಶ ಉಳಿಯುತ್ತದೆ. ಇದರಿಂದ ಪೊರೆಯ ಎರಡು ಬದಿಗಳ ನಡುವೆ ವಿಭವಾಂತರ ಏರ್ಪಡುತ್ತದೆ. ನದಿ ಮತ್ತು ಸಮುದ್ರದ ನೀರಿಗೆ ಒಂದು ಪೊರೆಯಿಂದ ದೊರಕಬಹುದಾದ ವಿಭವಾಂತರ, ಆದರ್ಶ ಸ್ಥಿತಿಯಲ್ಲಿ, ಒಂದು ವೋಲ್ಟಿನ ಸುಮಾರು ಹತ್ತನೆಯ ಒಂದು ಭಾಗ. ಸಾಮಾನ್ಯ ಟಾರ್ಚ್ ಸೆಲ್ಲಿನ 1.5 ವೋಲ್ಟ್ ಬೇಕಾದರೆ ಇಂತಹ ಹದಿನೈದು ಪೊರೆಗಳು ಸಾಲಾಗಿ ನಿಲ್ಲಬೇಕು. ಸಾಲು ಜೋಡಿಸುವಾಗ ಧನ ಅಯಾನನ್ನು ಬಿಡುವ ಪೊರೆ ಒಂದು, ಋಣ ಅಯಾನನ್ನು ಬಿಡುವ ಪೊರೆ ಒಂದು ಎಂಬಂತೆ ಪರ್ಯಾಯವಾಗಿ ಇರಿಸಿ, ಅವುಗಳ ನಡುವೆ ಒಮ್ಮೆ ಸಿಹಿನೀರನ್ನೂ ಒಮ್ಮೆ ಉಪ್ಪುನೀರನ್ನೂ ಹರಿಸುತ್ತಾರೆ. ಇದು ಅಯಾನು ವಿಧಾನ. ಇದನ್ನು 1954ರಲ್ಲಿಯೇ ಬ್ರಿಟನ್ನಿನ ಆರ್. ಇ. ಪ್ಯಾಟಲ್ ಎಂಬ ವಿಜ್ಞಾನಿ 'ನೇಚರ್' ಪತ್ರಿಕೆಯಲ್ಲಿ ವಿವರಿಸಿದ್ದರು. ನೆದರ್‌ಲ್ಯಾಂಡ್ಸಿನ ಆಫ್ಸ್‌ಲೌಟ್‌ಡೈಕ್ ಎಂಬ ಉದ್ದನೆಯ ಕಟ್ಟೆಯ ಒಂದು ಬದಿಯಲ್ಲಿ ಸಿಹಿನೀರಿನ ಸರೋವರ, ಇನ್ನೊಂದು ಬದಿಯಲ್ಲಿ ಕಡಲು ಇದೆ. 2014ರಲ್ಲಿ ಅಲ್ಲಿ ಈ ವಿಧಾನದ ಪ್ರಾಯೋಗಿಕ ಘಟಕವೊಂದು ಆರಂಭವಾಯಿತು.

ಸಸ್ಯದಿಂದ ಪೊರೆ

ಅಯಾನು ವಿಧಾನದಲ್ಲಿ ಇಂದು ಬಳಕೆಯಲ್ಲಿರುವ ಪೊರೆಗಳಲ್ಲಿ ಹೆಚ್ಚಿನವು ಪೆಟ್ರೋಲಿಯಂ ಮೂಲದ ಪ್ಲಾಸ್ಟಿಕ್ಕಿನಿಂದ ತಯಾರಾದವು. ಅವುಗಳ ಬೆಲೆಯೂ ಹೆಚ್ಚು, ಬಳಸಿ ಬಿಟ್ಟ ಮೇಲೆ ಅವು ಮಣ್ಣಾಗುವುದೂ ಇಲ್ಲ. ಸಸ್ಯದ ಕಡೆಗೆ ಸಂಶೋಧಕರ ಗಮನ ಹರಿದುದು ಈ ಕಾರಣದಿಂದ.

ಪೊರೆ ಮತ್ತು ಸಸ್ಯದ ನಂಟು ಹೊಸದೇನೂ ಅಲ್ಲ. ಅಭಿಸರಣ ಒತ್ತಡವನ್ನು ಕ್ರಮಬದ್ಧವಾಗಿ ಅಳೆದು 1877ರಲ್ಲಿ ಪ್ರಕಟಿಸಿದ ವಿಲ್ಹೆಲ್ಮ್ ಫೆಫರ್ ಒಬ್ಬ ಸಸ್ಯವಿಜ್ಞಾನಿ. ಸಮುದ್ರದ ನೀರನ್ನು ಸಿಹಿಗೊಳಿಸುವ ಮೊದಲ ಉಪಯುಕ್ತ ಪೊರೆಯನ್ನು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಿಡ್ನಿ ಲೋಬ್ ಮತ್ತು ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್ ಅವರು ಸಿದ್ಧಪಡಿಸಿದ್ದು ಸೆಲ್ಯುಲೋಸ್ ಅಸಿಟೇಟಿನಿಂದ. ಅದರ ಮೂಲದ್ರವ್ಯ ಹತ್ತಿ ಅಥವಾ ಮರದ ತಿರುಳು. ಡೆನ್ಮಾರ್ಕಿನ ಮಾರಿಯಾಗರ್ ಎಂಬಲ್ಲಿ ಉಪ್ಪಿನ ಕಾರ್ಖಾನೆಯ ಗಾಢವಾದ ಉಪ್ಪುನೀರನ್ನು ಬಳಸಿ 2023ರಲ್ಲಿ ಒತ್ತಡ ವಿಧಾನದ ಸ್ಥಾವರವೊಂದು ಕೆಲಸ ಆರಂಭಿಸಿತು. ಅದಕ್ಕೆ ಪೊರೆ ಒದಗಿಸಿದ ಜಪಾನಿನ ಟೊಯೊಬೊ ಸಂಸ್ಥೆಯು ಸೆಲ್ಯುಲೋಸ್ ಟ್ರೈಅಸಿಟೇಟಿನ ಟೊಳ್ಳು ಎಳೆಗಳ ತಯಾರಿಕೆಗೆ ಹೆಸರಾದುದು.

ಇವೆಲ್ಲ ಸಸ್ಯದ ಸೆಲ್ಯುಲೋಸನ್ನು ರಾಸಾಯನಿಕವಾಗಿ ಕರಗಿಸಿ, ಮತ್ತೆ ಹಾಳೆಯಾಗಿ ಅಥವಾ ಎಳೆಯಾಗಿ ಎರಕಹೊಯ್ದ ಪೊರೆಗಳು. ಹೊಸ ಪ್ರಯತ್ನವು ಇನ್ನೊಂದು ದಾರಿ ಹಿಡಿದಿದೆ. ಮರದಲ್ಲಿ ನಿಸರ್ಗವೇ ಜೋಡಿಸಿಟ್ಟಿರುವ ಎಳೆಗಳ ಕ್ರಮವನ್ನು ಕೆಡಿಸದೆ ಬಳಸಿಕೊಳ್ಳುವುದು ಅದರ ಗುರಿ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಲಿಯಾಂಗ್‌ಬಿಂಗ್ ಹು ಮತ್ತು ಸಂಗಡಿಗರು 2019ರಲ್ಲಿ 'ಸೈನ್ಸ್ ಅಡ್ವಾನ್ಸಸ್' ಪತ್ರಿಕೆಯಲ್ಲಿ ಇಂತಹ ಪೊರೆಯನ್ನು ವಿವರಿಸಿದರು. ವಿದ್ಯುತ್ ಉತ್ಪಾದನೆಯೊಂದೇ ಆ ಅಧ್ಯಯನದ ಗುರಿಯಾಗಿರಲಿಲ್ಲ. ಆದರೆ ಮರದೊಳಗಿನ ಕಿರುದಾರಿಗಳಲ್ಲಿ ಅಯಾನುಗಳ ಸಂಚಾರವನ್ನು ನಿಯಂತ್ರಿಸಬಹುದೆಂದು ಅದು ತೋರಿಸಿತು.

ಅದರ ಕ್ರಮವನ್ನು ಮೂರು ಹಂತಗಳಲ್ಲಿ ಹೇಳಬಹುದು. ಮರವೆಂದರೆ ಮುಖ್ಯವಾಗಿ ಸೆಲ್ಯುಲೋಸಿನ ಎಳೆಗಳು ಮತ್ತು ಅವುಗಳನ್ನು ಬೆಸೆದು ನಿಲ್ಲಿಸುವ ಲಿಗ್ನಿನ್ ಎಂಬ ಅಂಟು. ಮೊದಲ ಹಂತದಲ್ಲಿ, ಕಾಗದದ ತಯಾರಿಕೆಯಲ್ಲಿ ಮಾಡುವಂತೆ, ತೆಳುವಾದ ಮರದ ಹಲಗೆಯಿಂದ ಲಿಗ್ನಿನ್ನನ್ನು ತೆಗೆಯುತ್ತಾರೆ. ಎರಡನೆಯ ಹಂತದಲ್ಲಿ ಸೆಲ್ಯುಲೋಸಿನ ಮೈಮೇಲಿನ ಹೈಡ್ರಾಕ್ಸಿಲ್ ಗುಂಪುಗಳನ್ನು ಮಾರ್ಪಡಿಸಿ ಋಣ ಆವೇಶವನ್ನು ಹೆಚ್ಚಿಸುತ್ತಾರೆ. ಮೂರನೆಯ ಹಂತದಲ್ಲಿ ಅದನ್ನು ಒತ್ತಿ ದಟ್ಟವಾಗಿಸುತ್ತಾರೆ. ಆಗ ಎಳೆ ಎಳೆಗಳ ನಡುವೆ ಉಳಿಯುವ ಸಂದುಗಳ ಅಗಲವನ್ನು ಸುಮಾರು 2ರಿಂದ 20 ನ್ಯಾನೋಮೀಟರುಗಳವರೆಗೆ ಬೇಕಾದಂತೆ ಹೊಂದಿಸಬಹುದೆಂದು ಅವರು ವರದಿ ಮಾಡಿದ್ದಾರೆ. ಒಂದು ಮಿಲಿಮೀಟರಿನಲ್ಲಿ ಹತ್ತು ಲಕ್ಷ ನ್ಯಾನೋಮೀಟರುಗಳಿವೆ ಎಂದು ನೆನಪಿಸಿದರೆ ವಿದ್ಯಾರ್ಥಿಗಳಿಗೆ ಅಳತೆಯ ಕಲ್ಪನೆ ಮೂಡೀತು.

ಸಂದು ಅಷ್ಟು ಕಿರಿದಾಗಿರಬೇಕು ಏಕೆ? ಋಣ ಆವೇಶದ ಗೋಡೆಯ ಬಳಿ ಧನ ಅಯಾನುಗಳು ಮುತ್ತಿಕೊಂಡು ತೆಳುವಾದ ಒಂದು ಪದರವಾಗುತ್ತವೆ. ನೂರನೆಯ ಒಂದು ಮೋಲಾರಿನಷ್ಟು ತೆಳುವಾದ ಉಪ್ಪುನೀರಿನಲ್ಲಿ ಈ ಪದರದ ದಪ್ಪ ಸುಮಾರು 3 ನ್ಯಾನೋಮೀಟರ್. ಸಂದಿನ ಅಗಲ ಕೆಲವೇ ನ್ಯಾನೋಮೀಟರ್ ಆದಾಗ ಎರಡು ಗೋಡೆಗಳ ಪದರಗಳು ನಡುವೆ ಕೂಡಿಕೊಂಡು, ಇಡೀ ದಾರಿಯೇ ಧನ ಅಯಾನುಗಳಿಂದ ತುಂಬುತ್ತದೆ. ಋಣ ಅಯಾನುಗಳಿಗೆ ಪ್ರವೇಶ ಸಿಗುವುದಿಲ್ಲ. ಇದು ಜರಡಿಯ ಕೆಲಸವಲ್ಲ. ಜರಡಿ ಗಾತ್ರವನ್ನು ನೋಡಿ ತಡೆಯುತ್ತದೆ. ಈ ಪೊರೆ ಆವೇಶವನ್ನು ನೋಡಿ ತಡೆಯುತ್ತದೆ. ಸಮುದ್ರದ ನೀರಿನಲ್ಲಿ ಮಾತ್ರ ಆ ಪದರದ ದಪ್ಪ ಅರ್ಧ ನ್ಯಾನೋಮೀಟರಿಗಿಂತಲೂ ಕಡಿಮೆಯಾಗುತ್ತದೆ. ಆದುದರಿಂದ ನೀರು ಉಪ್ಪಾದಷ್ಟೂ ಪೊರೆಯ ಆಯ್ಕೆಯ ಬಲ ಕುಂದುತ್ತದೆ. ಸಸ್ಯಮೂಲದ ಪೊರೆಗಳು ಎದುರಿಸಬೇಕಾದ ಮೊದಲ ತೊಡಕು ಇದು.

ಎರಡನೆಯ ತೊಡಕು ಸೆಲ್ಯುಲೋಸಿನ ಸ್ವಭಾವದಲ್ಲಿಯೇ ಇದೆ. ಅದಕ್ಕೆ ನೀರೆಂದರೆ ಪ್ರೀತಿ, ಒದ್ದೆಯಾದರೆ ಉಬ್ಬುತ್ತದೆ. ಉಬ್ಬಿದರೆ ಸಂದುಗಳು ಅಗಲವಾಗಿ ಆಯ್ಕೆಯ ಗುಣ ಕೆಡುತ್ತದೆ. ಮೂರನೆಯದು, ಸೆಲ್ಯುಲೋಸನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಯಾವಾಗಲೂ ಇರುತ್ತವೆ. ಬಳಸಿ ಬಿಟ್ಟ ಮೇಲೆ ಮಣ್ಣಾಗುತ್ತದೆ ಎಂಬ ಗುಣವೇ, ಬಳಕೆಯಲ್ಲಿರುವಾಗ ಬೇಗ ಕೆಡುತ್ತದೆ ಎಂಬ ದೋಷವೂ ಆಗುತ್ತದೆ. ಎಳೆಗಳನ್ನು ರಾಸಾಯನಿಕಗಳಿಂದ ಒಂದಕ್ಕೊಂದು ಬಿಗಿದು ಇವನ್ನು ತಡೆಯಬಹುದು. ಆದರೆ ಬಿಗಿದಷ್ಟೂ ಪೊರೆಯು ಸಸ್ಯದ ಗುಣದಿಂದ ದೂರ ಸರಿಯುತ್ತದೆ. 'ಸಸ್ಯಮೂಲ' ಎಂಬ ಪದವನ್ನು ಕಂಡೊಡನೆ 'ಪರಿಸರಕ್ಕೆ ನಿರುಪದ್ರವಿ' ಎಂದು ತೀರ್ಮಾನಿಸಬಾರದು. ಲಿಗ್ನಿನ್ ತೆಗೆಯಲು ಬಳಸಿದ ಕ್ಷಾರವು ಎಲ್ಲಿಗೆ ಹೋಯಿತು ಎಂಬುದೂ ಲೆಕ್ಕಕ್ಕೆ ಬರಬೇಕು.

ಚದರ ಮೀಟರಿನ ಒರೆಗಲ್ಲು

ಇಂತಹ ಪೊರೆಗಳ ಸುದ್ದಿಯನ್ನು ಓದುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಒಂದು ಚದರ ಮೀಟರ್ ಪೊರೆಯಿಂದ ಎಷ್ಟು ವ್ಯಾಟ್? ಲಾಭದಾಯಕವಾಗಬೇಕಾದರೆ 5 ವ್ಯಾಟ್ ಬೇಕೆಂಬುದು ನದಿ ಮತ್ತು ಸಮುದ್ರದ ನೀರಿನ ಯೋಜನೆಗಳಲ್ಲಿ ಬಹುಕಾಲದಿಂದ ಹೇಳಿಬಂದ ಗುರಿ. ಟೋಫ್ಟೆಯ ಸ್ಥಾವರದಲ್ಲಿ ಸುಮಾರು 2000 ಚದರ ಮೀಟರ್ ಪೊರೆಯಿತ್ತು. ದೊರೆತ ವಿದ್ಯುತ್ತು ಚದರ ಮೀಟರಿಗೆ 1 ವ್ಯಾಟಿನ ಆಸುಪಾಸಿನಲ್ಲಿಯೇ ಉಳಿಯಿತು. 2013ರಲ್ಲಿ ಸಂಸ್ಥೆಯು ಆ ಪ್ರಯತ್ನವನ್ನು ಕೈಬಿಟ್ಟಿತು. ತತ್ತ್ವ ಸುಳ್ಳಾಗಿರಲಿಲ್ಲ, ಪೊರೆ ಸಾಲದಾಗಿತ್ತು.

ಪ್ರಯೋಗಾಲಯದ ವರದಿಗಳಲ್ಲಿ 5 ವ್ಯಾಟಿಗಿಂತ ಎಷ್ಟೋ ಹೆಚ್ಚಿನ ಅಂಕಿಗಳೂ ಕಾಣುತ್ತವೆ. ಅವು ಸುಳ್ಳಲ್ಲ, ಆದರೆ ಅಳತೆ ಮಾಡಿದ ಪೊರೆಯ ವಿಸ್ತೀರ್ಣವನ್ನು ನೋಡಬೇಕು. ಅನೇಕ ಅಧ್ಯಯನಗಳಲ್ಲಿ ಅದು ಒಂದು ಚದರ ಮಿಲಿಮೀಟರಿನ ನೂರರಲ್ಲಿ ಮೂರು ಭಾಗದಷ್ಟು, ಅಂದರೆ 0.03 ಚದರ ಮಿಲಿಮೀಟರ್ ಮಾತ್ರ. ಅಷ್ಟು ಚಿಕ್ಕ ಕಿಂಡಿಗೆ ಅಯಾನುಗಳು ಸುತ್ತಲಿನ ಎಲ್ಲ ದಿಕ್ಕುಗಳಿಂದಲೂ ಬಂದು ಸೇರುತ್ತವೆ. ಪೊರೆ ದೊಡ್ಡದಾದಾಗ ಅಯಾನುಗಳಿಗೆ ನೇರ ದಾರಿ ಮಾತ್ರ ಉಳಿಯುತ್ತದೆ. ಸಿಹಿನೀರಿನ ವಿದ್ಯುತ್ ರೋಧವೂ ಅಡ್ಡ ಬರುತ್ತದೆ. ಹೀಗಾಗಿ ಚಿಕ್ಕ ಕಿಂಡಿಯ ಅಂಕಿಯನ್ನು ಚದರ ಮೀಟರಿಗೆ ಗುಣಿಸಿ ಹೇಳಿದರೆ ಅದು ವಾಸ್ತವವಾಗುವುದಿಲ್ಲ. ಒಂದು ಬಿತ್ತನೆ ಕಾಳಿನ ತೂಕದಿಂದ ಎಕರೆಯ ಫಸಲನ್ನು ಲೆಕ್ಕ ಹಾಕಿದಂತೆ ಅದು.

ನೈಜ ನೀರೂ ಪ್ರಯೋಗಾಲಯದ ನೀರಿನಂತಿರುವುದಿಲ್ಲ. ಕಡಲಿನಲ್ಲಿ ಸೋಡಿಯಂ ಕ್ಲೋರೈಡಿನ ಜೊತೆಗೆ ಮೆಗ್ನೀಷಿಯಂ, ಕ್ಯಾಲ್ಸಿಯಂ ಮುಂತಾದವುಗಳ ಲವಣಗಳಿವೆ. ಎರಡು ಆವೇಶಗಳ ಈ ಅಯಾನುಗಳು ಪೊರೆಯ ಸಾಮರ್ಥ್ಯವನ್ನು ತಗ್ಗಿಸುತ್ತವೆ. ನದಿಯಲ್ಲಿ ಮಣ್ಣು, ಎಲೆ, ಪಾಚಿ ಇವೆ. ಕರಾವಳಿಯ ವಿದ್ಯಾರ್ಥಿಗಳಿಗೆ ಇನ್ನೊಂದು ಸಂಗತಿಯೂ ಕಣ್ಣಿಗೆ ಕಂಡದ್ದೇ. ಚಂದ್ರಗಿರಿಯಂತಹ ನದಿಯಲ್ಲಿ ಮಳೆಗಾಲದ ಕೆಂಪುನೀರು ಕಡಲನ್ನು ಹಿಂದಕ್ಕೆ ತಳ್ಳುತ್ತದೆ. ಬೇಸಗೆಯಲ್ಲಿ ನದಿ ಬಡವಾದಾಗ ಉಪ್ಪುನೀರು ಅಳಿವೆಯಿಂದ ಒಳಗೆ ಏರಿಬರುತ್ತದೆ. ಸಿಹಿನೀರೂ ಉಪ್ಪುನೀರೂ ವರ್ಷವಿಡೀ ಒಂದೇ ಸ್ಥಳದಲ್ಲಿ ಅಕ್ಕಪಕ್ಕವಾಗಿ ದೊರಕುವುದಿಲ್ಲ.

ಈ ತೊಡಕನ್ನು ಜಪಾನಿನ ಫುಕುವೋಕಾ ಪಟ್ಟಣದಲ್ಲಿ ಬೇರೊಂದು ಬಗೆಯಿಂದ ಬಿಡಿಸಿದ್ದಾರೆ. 2025ರ ಆಗಸ್ಟಿನಲ್ಲಿ ಅಲ್ಲಿ ಆರಂಭವಾದ ಸ್ಥಾವರವು ನದಿಯನ್ನೂ ಅವಲಂಬಿಸಿಲ್ಲ, ಸಹಜ ಕಡಲನೀರನ್ನೂ ಬಳಸುವುದಿಲ್ಲ. ಸಮುದ್ರದ ನೀರನ್ನು ಸಿಹಿಗೊಳಿಸುವ ಕೇಂದ್ರದಿಂದ ಹೊರಬೀಳುವ ಗಾಢ ಉಪ್ಪುನೀರು ಒಂದು ಬದಿಗೆ, ಶುದ್ಧೀಕರಿಸಿದ ಚರಂಡಿ ನೀರು ಇನ್ನೊಂದು ಬದಿಗೆ. ಎರಡೂ ವರ್ಷವಿಡೀ ದೊರಕುವಂಥವು. ಲವಣತೆಯ ವ್ಯತ್ಯಾಸವೂ ಹೆಚ್ಚು. ವರ್ಷಕ್ಕೆ ಸುಮಾರು 8.8 ಲಕ್ಷ ಯೂನಿಟ್ ವಿದ್ಯುತ್ತು ಅದರ ಗುರಿ. ಅದು ಒಂದು ಪಟ್ಟಣವನ್ನು ಬೆಳಗಲಾರದು. ಸಿಹಿನೀರಿನ ಕೇಂದ್ರದ ಖರ್ಚಿನ ಒಂದು ಪಾಲನ್ನು ಹೊರಬಲ್ಲದು. ಈ ತಂತ್ರಜ್ಞಾನದ ಇಂದಿನ ನಿಜವಾದ ಅಳತೆ ಅಷ್ಟು.

ತರಗತಿಯ ಚಟುವಟಿಕೆ

ಅಯಾನು ಆಯ್ಕೆಮಾಡುವ ಪೊರೆಯನ್ನು ಶಾಲೆಯಲ್ಲಿ ತಯಾರಿಸುವುದು ಸುಲಭಸಾಧ್ಯವಲ್ಲ. ಆದರೆ ಸಾರತೆಯ ವ್ಯತ್ಯಾಸವೊಂದರಿಂದಲೇ ವಿಭವಾಂತರ ಹುಟ್ಟುತ್ತದೆ ಎಂಬುದನ್ನು ತೋರಿಸಬಹುದು. ಬೇಕಾದ ವಸ್ತುಗಳು: ಮಿಲಿವೋಲ್ಟ್ ಅಳೆಯುವ ಡಿಜಿಟಲ್ ಮಲ್ಟಿಮೀಟರ್, ಒಂದೇ ಸುರುಳಿಯಿಂದ ಕತ್ತರಿಸಿ ಹೊದಿಕೆ ಸುಲಿದ ಎರಡು ತಾಮ್ರದ ತಂತಿಗಳು, ಸತು ಲೇಪಿಸಿದ ಒಂದು ಮೊಳೆ, ಅಡಿಗೆ ಉಪ್ಪು, ಮೈಲುತುತ್ತದ ಹರಳು, ಎರಡೂ ತುದಿ ತೆರೆದ ಒಂದು ಅಗಲವಾದ ನಳಿಗೆ, ಸೆಲ್ಲೋಫೇನ್ ಹಾಳೆ, ಗಾಜಿನ ಲೋಟಗಳು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಊರುಗಳಲ್ಲಿ ಮೈಲುತುತ್ತ ಸುಲಭವಾಗಿ ಸಿಗುತ್ತದೆ.

ಒಂದನೆಯ ಹಂತ. ಲೋಟದ ಉಪ್ಪುನೀರಿನಲ್ಲಿ ತಾಮ್ರದ ತಂತಿಯನ್ನೂ ಸತು ಲೇಪಿತ ಮೊಳೆಯನ್ನೂ ಇಳಿಸಿ ಅಳೆಯಬೇಕು. ಮಾಪಕವು ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸುತ್ತದೆ. ಆನಂತರ ಮೊಳೆಯನ್ನು ತೆಗೆದು ಎರಡೂ ಕಡೆ ತಾಮ್ರದ ತಂತಿಯನ್ನೇ ಇಡಬೇಕು. ಅದೇ ಉಪ್ಪುನೀರು, ಅದೇ ಲೋಟ. ಅಂಕಿ ಮಾತ್ರ ಸೊನ್ನೆಯ ಹತ್ತಿರಕ್ಕೆ ಬರುತ್ತದೆ. ಶಕ್ತಿಯ ಮೂಲ ಉಪ್ಪಲ್ಲ, ಲೋಹಗಳ ವ್ಯತ್ಯಾಸ ಎಂಬ ತೀರ್ಮಾನವನ್ನು ವಿದ್ಯಾರ್ಥಿಗಳೇ ಹೇಳುವಂತಾಗಬೇಕು.

ಎರಡನೆಯ ಹಂತ. 25 ಗ್ರಾಂ ಮೈಲುತುತ್ತವನ್ನು ನೀರಿನಲ್ಲಿ ಕರಗಿಸಿ ಒಟ್ಟು 200 ಮಿಲಿಲೀಟರ್ ಮಾಡಿದರೆ ಗಾಢ ದ್ರಾವಣ. ಅದರ 10 ಮಿಲಿಲೀಟರನ್ನು 100ಕ್ಕೆ ಏರಿಸಿದರೆ ಹತ್ತು ಪಟ್ಟು ತೆಳು. ಅದರ 10 ಮಿಲಿಲೀಟರನ್ನು ಮತ್ತೆ 100ಕ್ಕೆ ಏರಿಸಿದರೆ ನೂರು ಪಟ್ಟು ತೆಳು. ನಳಿಗೆಯ ಒಂದು ತುದಿಗೆ ಒದ್ದೆ ಮಾಡಿದ ಸೆಲ್ಲೋಫೇನನ್ನು ಬಿಗಿಯಾಗಿ ಕಟ್ಟಿ, ಒಳಗೆ ತೆಳು ದ್ರಾವಣವನ್ನು ಹಾಕಿ, ಗಾಢ ದ್ರಾವಣವಿರುವ ಲೋಟದಲ್ಲಿ ನಿಲ್ಲಿಸಬೇಕು. ಉಜ್ಜುಕಾಗದದಿಂದ ಚೊಕ್ಕಟಗೊಳಿಸಿದ ತಾಮ್ರದ ತಂತಿ ಒಳಗೊಂದು, ಹೊರಗೊಂದು. ಮೊದಲು ಎರಡೂ ಕಡೆ ಒಂದೇ ದ್ರಾವಣವನ್ನು ಇಟ್ಟು ಅಳೆದು, ಆಮೇಲೆ ಹತ್ತು ಪಟ್ಟು, ನೂರು ಪಟ್ಟು ವ್ಯತ್ಯಾಸಗಳಿಗೆ ಅಳೆಯಬೇಕು. ಆದರ್ಶ ಸೂತ್ರದಂತೆ ಇವು ಕ್ರಮವಾಗಿ 0, 30 ಮತ್ತು 59 ಮಿಲಿವೋಲ್ಟ್. ಗಾಢ ದ್ರಾವಣದಲ್ಲಿ ಅಯಾನುಗಳು ಒಂದನ್ನೊಂದು ಹಿಡಿದಿಡುವುದರಿಂದ ವಾಸ್ತವದ ಅಂಕಿಗಳು ಇದಕ್ಕಿಂತ ಕಡಿಮೆ ಬರುತ್ತವೆ. ಅಂಕಿಗಿಂತ ಅದರ ಏರಿಕೆಯ ಕ್ರಮ ಮುಖ್ಯ.

ಮೂರನೆಯ ಹಂತ. ಜೋಡಣೆಯನ್ನು ಹಾಗೆಯೇ ಬಿಟ್ಟು ಮರುದಿನ ಅಳೆದರೆ ಅಂಕಿ ಇಳಿದಿರುತ್ತದೆ. ಎರಡು ದ್ರಾವಣಗಳು ಬೆರೆಯುತ್ತ ಬಂದಂತೆ ವ್ಯತ್ಯಾಸ ಕರಗುತ್ತದೆ. ವ್ಯತ್ಯಾಸ ಕರಗಿದಂತೆ ವಿದ್ಯುತ್ತೂ ಕರಗುತ್ತದೆ. ಉಪ್ಪು ಅಷ್ಟೇ ಇದೆ, ತಾಮ್ರ ಅಷ್ಟೇ ಇದೆ, ನೀರು ಅಷ್ಟೇ ಇದೆ. ಕಳೆದುಹೋದದ್ದು ಯಾವುದು ಎಂದು ಕೇಳಿದಾಗ ದೊರಕುವ ಉತ್ತರವೇ ಈ ಪಾಠದ ಸಾರ.

ಅಧ್ಯಾಪಕರು ಎರಡು ಸಂಗತಿಗಳನ್ನು ಗಮನಿಸಬೇಕು. ಸೆಲ್ಲೋಫೇನ್ ಎಂಬುದು ಮರದ ತಿರುಳಿನಿಂದ ತಯಾರಾದ ಹಾಳೆ. ಹೀಗಾಗಿ ಅದೂ ಸಸ್ಯಮೂಲದ ಪೊರೆಯೇ. ಅಂಗಡಿಯಲ್ಲಿ ಅದೇ ಹೆಸರಿನಿಂದ ಸಿಗುವ ಹೊಳೆಯುವ ಹಾಳೆಗಳಲ್ಲಿ ಹಲವು ಪ್ಲಾಸ್ಟಿಕ್. ನೀರಿನಲ್ಲಿ ನೆನೆದಾಗ ಮೆತ್ತಗಾಗುವುದು ನಿಜವಾದ ಸೆಲ್ಲೋಫೇನ್. ಎರಡನೆಯದಾಗಿ, ಈ ಪ್ರಯೋಗದಲ್ಲಿ ವಿಭವಾಂತರ ಹುಟ್ಟುವುದು ಮುಖ್ಯವಾಗಿ ತಾಮ್ರದ ಮೇಲ್ಮೈಯಲ್ಲಿ. ಸೆಲ್ಲೋಫೇನ್ ಬೆರೆಯುವಿಕೆಯನ್ನು ನಿಧಾನಗೊಳಿಸುತ್ತದೆ ಅಷ್ಟೆ. ಅಯಾನು ವಿಧಾನದ ಘಟಕದಲ್ಲಿ ಪೊರೆಯೇ ವಿಭವಾಂತರವನ್ನು ಹುಟ್ಟಿಸುತ್ತದೆ. ಈ ಭೇದವನ್ನು ಮುಚ್ಚಿಡದೆ ಹೇಳಬೇಕು. ಮೈಲುತುತ್ತ ವಿಷವಸ್ತು, ಬಾಯಿಗೆ, ಕಣ್ಣಿಗೆ ತಾಗದಂತೆ ಎಚ್ಚರ ವಹಿಸಬೇಕು. ಅದು ಮೀನುಗಳಿಗೆ ಮಾರಕವಾದುದರಿಂದ ಉಳಿದ ದ್ರಾವಣವನ್ನು ತೋಡಿಗೆ, ಕೆರೆಗೆ ಚೆಲ್ಲದೆ, ಹೆಸರು ಬರೆದ ಬಾಟಲಿಯಲ್ಲಿ ಮುಂದಿನ ಪ್ರಯೋಗಕ್ಕೆ ಇಟ್ಟುಕೊಳ್ಳಬೇಕು.

ಪದಗಳ ಬಗ್ಗೆ

'ಪೊರೆ' ಎಂಬುದು ಮಕ್ಕಳಿಗೆ ಹೊಸ ಪದವಲ್ಲ. ಹಾವು ಕಳಚುವ ಪೊರೆ, ಅಜ್ಜಿಯ ಕಣ್ಣಿಗೆ ಬರುವ ಪೊರೆ ಅವರಿಗೆ ಗೊತ್ತು. ಅಲ್ಲಿಂದಲೇ ಆರಂಭಿಸಿ, ಇಲ್ಲಿಯ ಪೊರೆ ಮುಚ್ಚುವುದಕ್ಕಿಂತ ಹೆಚ್ಚಾಗಿ ಆರಿಸುತ್ತದೆ ಎಂದು ಮುಂದುವರಿಸಬಹುದು. ಕೋಶದ ಪೊರೆಗೂ ಕೋಶಭಿತ್ತಿಗೂ ಇರುವ ಭೇದವನ್ನು ಇದೇ ಸಂದರ್ಭದಲ್ಲಿ ಸ್ಪಷ್ಟಪಡಿಸಬೇಕು. ಅಳಿವೆಯ ಬದಿಯ ಕಾಂಡ್ಲ ಗಿಡವು ಉಪ್ಪಿನ ಬಹುಭಾಗವನ್ನು ಬೇರಿನಲ್ಲಿ ತಡೆಯುವುದು ಜೀವಂತ ಕೋಶಗಳ ಪೊರೆಯ ನೆರವಿನಿಂದ. ಸಂಶೋಧಕರು ಮರದಿಂದ ಪಡೆದ ಪೊರೆಯಾದರೋ ನಿರ್ಜೀವವಾದ ಕೋಶಭಿತ್ತಿಯ ಸೆಲ್ಯುಲೋಸ್. ಎರಡೂ ಸಸ್ಯದವೇ ಆದರೂ ಕೆಲಸದ ಬಗೆ ಬೇರೆ. ಹತ್ತನೆಯ ತರಗತಿಯ ಆಚೆಗೆ ಇಂಗ್ಲಿಷಿನಲ್ಲಿ ವಿಜ್ಞಾನ ಕಲಿಯಬೇಕಾದ ವಿದ್ಯಾರ್ಥಿಗಳಿಗೆ ಅಭಿಸರಣೆಯೇ ಆಸ್ಮಾಸಿಸ್, ಪೊರೆಯೇ ಮೆಂಬ್ರೇನ್ ಎಂಬುದನ್ನೂ ಪರಿಚಯಿಸಿಡುವುದು ಒಳ್ಳೆಯದು. ಪರಿಕಲ್ಪನೆಯು ತಾಯ್ನುಡಿಯಲ್ಲಿ ಗಟ್ಟಿಯಾಗಿದ್ದರೆ ಹೊಸ ಹೆಸರು ಹೊರೆಯಾಗುವುದಿಲ್ಲ.

ಮೌಲ್ಯಮಾಪನಕ್ಕೆ

1. ಒಂದೇ ಉಪ್ಪುನೀರಿನಲ್ಲಿ ಎರಡು ತಾಮ್ರದ ತಂತಿಗಳನ್ನು ಇಟ್ಟಾಗ ಮಾಪಕವು ಸೊನ್ನೆಯ ಹತ್ತಿರ ನಿಲ್ಲುವುದೇಕೆ? ಆ ನೀರಿಗೆ ಇನ್ನಷ್ಟು ಉಪ್ಪು ಸೇರಿಸಿ ಕಲಕಿದರೆ ಏನಾಗಬಹುದು?

2. ಒಂದು ಮನೆಯಲ್ಲಿ 9 ವ್ಯಾಟಿನ ನಾಲ್ಕು ಬಲ್ಬುಗಳಿವೆ. ಚದರ ಮೀಟರಿಗೆ 1 ವ್ಯಾಟ್ ನೀಡುವ ಪೊರೆ ಎಷ್ಟು ಬೇಕು? 5 ವ್ಯಾಟ್ ನೀಡುವುದಾದರೆ ಎಷ್ಟು? (36 ಚದರ ಮೀಟರ್, 7.2 ಚದರ ಮೀಟರ್.)

3. ಚದರ ಮೀಟರಿಗೆ 5 ವ್ಯಾಟ್ ನೀಡುವ ಪೊರೆಯೊಂದನ್ನು 0.03 ಚದರ ಮಿಲಿಮೀಟರ್ ಕಿಂಡಿಯಲ್ಲಿ ಪರೀಕ್ಷಿಸಲಾಗಿದೆ. ಆ ಕಿಂಡಿಯಿಂದ ನಿಜವಾಗಿ ದೊರೆತ ವಿದ್ಯುತ್ ಸಾಮರ್ಥ್ಯವೆಷ್ಟು? 9 ವ್ಯಾಟಿನ ಒಂದು ಬಲ್ಬಿಗೆ ಅಂತಹ ಎಷ್ಟು ಕಿಂಡಿಗಳು ಬೇಕು? (0.15 ಮೈಕ್ರೋವ್ಯಾಟ್, 6 ಕೋಟಿ.)

4. 'ಸಸ್ಯದಿಂದ ತಯಾರಾದ ಪೊರೆ, ಆದುದರಿಂದ ಪರಿಸರಕ್ಕೆ ಹಾನಿಯಿಲ್ಲ' ಎಂಬ ಮಾತನ್ನು ಒಪ್ಪುವ ಮುನ್ನ ಕೇಳಬೇಕಾದ ಮೂರು ಪ್ರಶ್ನೆಗಳನ್ನು ಬರೆಯಿರಿ.

5. ಮಳೆ ಸಂಪೂರ್ಣ ನಿಂತುಹೋದರೆ ನದೀಮುಖದಲ್ಲಿರುವ ಇಂತಹ ವಿದ್ಯುತ್ ಸ್ಥಾವರ ಎಷ್ಟು ಕಾಲ ನಡೆದೀತು? ಉತ್ತರವನ್ನು ಸೂರ್ಯನಿಂದ ಆರಂಭಿಸಿ ವಿವರಿಸಿರಿ.

ಐದನೆಯ ಪ್ರಶ್ನೆಗೆ ಒಂದೇ ವಾಕ್ಯದ ಉತ್ತರವನ್ನು ನಿರೀಕ್ಷಿಸಬಾರದು. ವಿದ್ಯಾರ್ಥಿಗಳು ಗುಂಪಿನಲ್ಲಿ ಚರ್ಚಿಸಿ, ಶಕ್ತಿಯ ಜಾಡನ್ನು ದೀಪದಿಂದ ಪೊರೆಗೆ, ಪೊರೆಯಿಂದ ನೀರಿಗೆ, ನೀರಿನಿಂದ ಮೋಡಕ್ಕೆ, ಮೋಡದಿಂದ ಸೂರ್ಯನವರೆಗೆ ಹಿಂಬಾಲಿಸಿದರೆ ಪಾಠವು ಸಫಲವಾದಂತೆ.